ಎರಡು ಪಟ್ಟಿ ತಾಳೆ ನೋಡೋಕೆ ಗೂಗಲ್ ಶೀಟ್ಸ್: ಕೆಲವು ವರ್ಷ ಬಳಸಿದ ಮೇಲೆ

ನಮ್ಮ ಬಡಾವಣೆ ಸಂಘದ ಲೆಕ್ಕವೆಲ್ಲ ಗೂಗಲ್ ಶೀಟ್ಸ್‌ನಲ್ಲೇ ಇದೆ. ಪ್ರತಿ ವರ್ಷ ಸಭೆಗೆ ಮುಂಚೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಹೋದ ವರ್ಷ ಚಂದಾ ಕಟ್ಟಿದವರಲ್ಲಿ ಎಷ್ಟು ಜನ ಈ ವರ್ಷವೂ ಕಟ್ಟಿದ್ದಾರೆ? ಕೆಲವರು ಕಂತಿನಲ್ಲಿ ಕಟ್ಟುತ್ತಾರೆ, ಒಂದೇ ಹೆಸರು ಮೂರು ಸಾಲಿನಲ್ಲಿರುತ್ತದೆ. ಸುಮ್ನೆ ಸಾಲು ಎಣಿಸಿದರೆ ಸಂಖ್ಯೆ ಜಾಸ್ತಿ ಬರುತ್ತದೆ.

ಎ ಕಾಲಂನಲ್ಲಿ ಹೋದ ವರ್ಷ, ಬಿ ಕಾಲಂನಲ್ಲಿ ಈ ವರ್ಷ. ಸೂತ್ರ ಇಷ್ಟೇ:

=ಕೌಂಟ್‌ಯುನೀಕ್(ಇಫ್‌ಎರರ್(ಫಿಲ್ಟರ್(ಎ2:ಎ, ಕೌಂಟ್‌ಇಫ್(ಬಿ2:ಬಿ, ಎ2:ಎ))))

(ಶೀಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಅದು ಬೇರೆ ಮಾತು.) ಎ ಕಾಲಂನ ಹೆಸರು ಬಿ ಕಾಲಂನಲ್ಲಿ ಇದೆಯಾ ಅಂತ ಕೌಂಟ್‌ಇಫ್ ನೋಡುತ್ತದೆ, ಇದ್ದವನ್ನಷ್ಟೇ ಫಿಲ್ಟರ್ ಉಳಿಸುತ್ತದೆ, ಎರರ್ ಬಂದರೆ ಇಫ್‌ಎರರ್ ಅದನ್ನು ಖಾಲಿ ಮಾಡುತ್ತದೆ, ಒಂದೇ ಹೆಸರು ಎಷ್ಟು ಸಲ ಬಂದರೂ ಕೌಂಟ್‌ಯುನೀಕ್ ಒಂದೇ ಸಲ ಎಣಿಸುತ್ತದೆ. ಒಳಗಿನ ಇಫ್‌ಎರರ್ ಬಿಡಬೇಡಿ. ಒಂದೂ ಹೆಸರು ಹೊಂದದಿದ್ದರೆ ಫಿಲ್ಟರ್ ಎರರ್ ಕೊಡುತ್ತದೆ. ಕೌಂಟ್‌ಯುನೀಕ್ ಆ ಎರರನ್ನೂ ಒಂದು ಅಂತ ಎಣಿಸುವುದರಿಂದ ಸೊನ್ನೆ ಬರಬೇಕಾದ ಕಡೆ 1 ಬರುತ್ತದೆ. ದೊಡ್ಡ ಸಂಖ್ಯೆ ತಪ್ಪಿದರೆ ಗೊತ್ತಾಗುತ್ತದೆ, ಈ 1 ಯಾರ ಕಣ್ಣಿಗೂ ಬೀಳಲ್ಲ.

ನಿಜವಾದ ತಲೆನೋವು ಸೂತ್ರದ್ದಲ್ಲ, ಹೆಸರುಗಳದ್ದು. ಹಿಂದೆಮುಂದೆ ಜಾಗ ಬಿಟ್ಟಿದ್ದರೆ ಅದನ್ನು ತೆಗೆಯುವ ಟ್ರಿಮ್ ಸಾಕು. ಕನ್ನಡದ ಹೆಸರಿಗೆ ಅದು ಸಾಲದು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸಿದ ಪಟ್ಟಿಯಲ್ಲಿ 'ರಮೇಶ್' ಅನ್ನೋ ಹೆಸರಿನ ಕೊನೆಗೆ ಕಾಣದ ಒಂದು ಗುರುತು ಅಂಟಿಕೊಂಡಿರಬಹುದು. ನೋಡೋಕೆ ಎರಡೂ ಒಂದೇ ಥರ, ಆದರೆ ತಾಳೆಯಾಗಲ್ಲ. ಅಕ್ಷರ, ಗುರುತು ಎಣಿಸುವ ಲೆನ್ ಹಾಕಿ ನೋಡಿ: ಒಂದಕ್ಕೆ 5, ಇನ್ನೊಂದಕ್ಕೆ 6. ಪಕ್ಕದ ಕಾಲಂನಲ್ಲಿ ಸಬ್‌ಸ್ಟಿಟ್ಯೂಟ್ ಬಳಸಿ ಯುನಿಚಾರ್(8204) ಅನ್ನು, ಅಂದರೆ ಆ ಕಾಣದ ಗುರುತನ್ನು, ತೆಗೆದು, ಆ ಕಾಲಂ ಮೇಲೆ ಸೂತ್ರ ಓಡಿಸಿ. ಇನ್ನೂ ಒಳ್ಳೆಯದು ಹೆಸರು ಬಿಟ್ಟು ಸೈಟ್ ನಂಬರ್ ಹೋಲಿಸುವುದು. ಒಂದೇ ಬೀದಿಯಲ್ಲಿ ಇಬ್ಬರು ಮಂಜುನಾಥ್ ಇರ್ತಾರೆ, ಅಲ್ವಾ?

ಎಕ್ಸೆಲ್ ಇರುವವರು ಬದಲಾಯಿಸಬೇಕಾ? 2021 ಅಥವಾ 365 ಇದ್ದರೆ ಬೇಡ, ಯುನೀಕ್, ಫಿಲ್ಟರ್ ಎರಡೂ ಅದರಲ್ಲಿವೆ. 2019 ಅಥವಾ ಅದಕ್ಕೂ ಹಳೆಯದಾದರೆ ಸಮ್‌ಪ್ರಾಡಕ್ಟ್ ಒಳಗೆ ಕೌಂಟ್‌ಇಫ್‌ನಿಂದ ಭಾಗಿಸುವ ಸರ್ಕಸ್ ಮಾಡಬೇಕು. ಮಧ್ಯೆ ಖಾಲಿ ಸೆಲ್ ಬಂದರೆ ಅದೂ ಕೆಡುತ್ತದೆ. ಅಂಥವರಿಗೆ ಶೀಟ್ಸ್ ವಾಸಿ, ದುಡ್ಡೂ ಬೇಡ.

ಬ್ಯಾಂಕ್ ಖಾತೆ ನಂಬರ್ ಹೋಲಿಸುವವರು ಎಕ್ಸೆಲ್‌ನ ಕೌಂಟ್‌ಇಫ್ ನಂಬಬೇಡಿ. ಪಠ್ಯವಾಗಿ ಬರೆದಿದ್ದರೂ ಅದು ಸಂಖ್ಯೆ ಅಂತಲೇ ಓದುತ್ತದೆ, ಲೆಕ್ಕಕ್ಕೆ ತಗೊಳ್ಳೋದು ಮೊದಲ 15 ಅಂಕಿ ಮಾತ್ರ. 16ನೇ ಅಂಕಿಯಲ್ಲಷ್ಟೇ ಬೇರೆಯಾಗುವ ಎರಡು ಖಾತೆ ಅದರ ಪಾಲಿಗೆ ಒಂದೇ. ಅಲ್ಲಿ ಪಠ್ಯವನ್ನು ಪಠ್ಯವಾಗಿಯೇ ಹೋಲಿಸುವ ಮ್ಯಾಚ್ ಬಳಸಿ.