ಇ-ಸಂಜೀವನಿ ಓಪಿಡಿ: ಮೊದಲ ಸಲಕ್ಕೆ ಅಡ್ಡಿಯಿಲ್ಲ, ಎರಡನೇ ಸಲಕ್ಕೆ ತೊಡಕು

ಮನೆಯಲ್ಲೇ ಕೂತು ವೈದ್ಯರ ಸಲಹೆ ಪಡೆಯುವ ಸರ್ಕಾರಿ ಸೇವೆ ಇ-ಸಂಜೀವನಿ ಓಪಿಡಿ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಮೊಹಾಲಿಯ ಸಿ-ಡ್ಯಾಕ್ ರೂಪಿಸಿದ ಇದು 2020ರ ಏಪ್ರಿಲ್‌ನಲ್ಲಿ ಶುರುವಾಯಿತು. ದುಡ್ಡು ಕೊಡಬೇಕಿಲ್ಲ. ಮೊಬೈಲ್‌ಗೆ ಓಟಿಪಿ, ಆಮೇಲೆ ಟೋಕನ್, ಸರದಿ, ವಿಡಿಯೊ ಕರೆ, ಕೊನೆಗೆ ಔಷಧಿಯ ಇ-ಚೀಟಿ. ಇಷ್ಟು ಸಲೀಸಾಗಿದ್ದರೂ ಬಹಳ ಮಂದಿ ‘ಡಾಕ್ಟರು ಬೇಕಾದ ಮಾತ್ರೆ ಬರೆಯಲೇ ಇಲ್ಲ’ ಎಂದು ಗೊಣಗುತ್ತಾರೆ. ಆ್ಯಪ್‌ನದ್ದಾಗಲಿ ವೈದ್ಯರದ್ದಾಗಲಿ ತಪ್ಪಲ್ಲ ಅದು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ (ದೂರದಿಂದಲೇ ಚಿಕಿತ್ಸೆ) ಮಾರ್ಗಸೂಚಿ ವೈದ್ಯರ ಕೈ ಕಟ್ಟಿರುತ್ತದೆ. ಯಾವ ಔಷಧವನ್ನು ಯಾವಾಗ ಬರೆಯಬಹುದೆಂದು ಅದು ಪಟ್ಟಿ ಮಾಡಿದೆ.

ಪ್ಯಾರಾಸಿಟಮಾಲ್, ಓಆರ್‌ಎಸ್‌ನಂಥವು ‘ಓ’ ಪಟ್ಟಿಯಲ್ಲಿವೆ. ಫೋನಿನಲ್ಲಿ ಮಾತಾಡಿಯೂ ಬರೆಯಬಹುದು. ಹುಳುಕಡ್ಡಿಗೆ ಹಚ್ಚುವ ಕ್ಲೊಟ್ರಿಮಜೋಲ್ ಮುಲಾಮು ‘ಎ’ ಪಟ್ಟಿಯದು, ಮೊದಲ ಸಲವಾದರೆ ವಿಡಿಯೊ ಇರಲೇಬೇಕು. ಸಿಗ್ನಲ್ ಕೈಕೊಟ್ಟು ಬರೀ ಧ್ವನಿ ಉಳಿದರೆ ಮುಲಾಮೂ ಇಲ್ಲ. ಮಾರ್ಫಿನ್‌ನಂಥ ಮಾದಕ ಔಷಧಗಳು ಯಾವ ದಾರಿಯಲ್ಲೂ ಸಿಗುವುದಿಲ್ಲ.

ನಿಜವಾದ ತೊಡಕು ‘ಬಿ’ ಪಟ್ಟಿಯದು. ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿರುವವರಿಗೆ ಸಕ್ಕರೆ ಹತೋಟಿಗೆ ಬಾರದೆ ಸಿಟಾಗ್ಲಿಪ್ಟಿನ್ ಎಂಬ ಇನ್ನೊಂದು ಮಾತ್ರೆ ಸೇರಿಸಬೇಕೆನ್ನಿ. ಅದು ಫಾಲೋಅಪ್‌ನಲ್ಲಿ ಮಾತ್ರ ಸಾಧ್ಯ. ಫಾಲೋಅಪ್ ಎಂದರೆ ಅದೇ ಕಾಯಿಲೆಗೆ ಅದೇ ವೈದ್ಯರನ್ನು 6 ತಿಂಗಳೊಳಗೆ ಮುಖಾಮುಖಿ ಕಂಡಿರಬೇಕು. ಆದರೆ ಟೋಕನ್ ಸರದಿಯಲ್ಲಿ ಸಿಗುವವರು ಆ ಹೊತ್ತಿಗೆ ಕೂತಿರುವ ಯಾರೋ ವೈದ್ಯರು. ಹಾಗಾಗಿ ಹತ್ತು ವರ್ಷದ ಸಕ್ಕರೆ ಕಾಯಿಲೆಯೂ ಇಲ್ಲಿ ಪ್ರತಿ ಸಲ ‘ಮೊದಲ ಭೇಟಿ’ಯೇ! ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಪರಿಚಯದ ಕ್ಲಿನಿಕ್ಕು. ಸರ್ಕಾರಿ ಸರದಿ ಅಲ್ಲ. ಹಳೆಯ ಚೀಟಿ, ಲ್ಯಾಬ್ ವರದಿ ಅಪ್‌ಲೋಡ್ ಮಾಡಿದರೆ ವೈದ್ಯರಿಗೆ ಅಂದಾಜು ಸಿಗುತ್ತದೆ, ಭೇಟಿಯ ವರ್ಗ ಮಾತ್ರ ಬದಲಾಗುವುದಿಲ್ಲ.

ಬಿಪಿ, ಶುಗರ್ ಇರುವವರಿಗೆ ಊರಿನ ಆರೋಗ್ಯ ಉಪಕೇಂದ್ರದ ದಾರಿ ವಾಸಿ. ಅಲ್ಲಿ ಸಮುದಾಯ ಆರೋಗ್ಯಾಧಿಕಾರಿ ಅಳತೆ ತೆಗೆದು, ಪಕ್ಕದಲ್ಲೇ ಕೂತು ವೈದ್ಯರಿಗೆ ಕರೆ ಮಾಡುತ್ತಾರೆ. ವೈದ್ಯರ ಮುಂದೆ ಆ ದಿನದ ಅಂಕಿ ಇರುವುದೇ ದೊಡ್ಡ ಲಾಭ. ಹೀಗೆ ಆರೋಗ್ಯ ಕಾರ್ಯಕರ್ತರು ಕರೆ ಮಾಡಿದಾಗ ರೋಗಿಯ ಸ್ಪಷ್ಟ ಒಪ್ಪಿಗೆ ದಾಖಲಾಗಬೇಕು. ರೋಗಿಯೇ ಕರೆ ಮಾಡಿದರೆ ಒಪ್ಪಿಗೆ ಇದೆಯೆಂದೇ ಲೆಕ್ಕ.

ಮಕ್ಕಳಿಗಾದರೆ ಕರೆಯಲ್ಲಿ ದೊಡ್ಡವರೊಬ್ಬರು ಇರಬೇಕು, ಅವರು ಯಾರೆಂದು ವೈದ್ಯರು ಖಚಿತಪಡಿಸಿಕೊಳ್ಳಬೇಕು. ಚೀಟಿ ಬಂದೊಡನೆ ವೈದ್ಯರ ನೋಂದಣಿ ಸಂಖ್ಯೆ, ಸಹಿ ನೋಡಿಕೊಳ್ಳಿ. ಖಾಸಗಿ ಆ್ಯಪ್‌ಗಳಿಗೂ ಇದೇ ಕಟ್ಟಳೆ. ಅಲ್ಲಿನ ಚಾಟ್‌ಬಾಟ್ ತಾನೇ ಔಷಧಿ ಸೂಚಿಸಿದರೆ ಆ ಚೀಟಿ ಮಾರ್ಗಸೂಚಿಯ ಪ್ರಕಾರ ಸಲ್ಲದು: ಕೃತಕ ಬುದ್ಧಿಮತ್ತೆ ವೈದ್ಯರಿಗೆ ನೆರವಾಗಬಹುದು, ರೋಗಿಗೆ ಬರೆದುಕೊಡುವಂತಿಲ್ಲ.