ಉಸಿರಿನಿಂದ ಆಡುವ ಗೇಮ್: 14 ತಿಂಗಳು ಬಳಸಿದ ಮೇಲೆ

ಈ ಬಯೋಫೀಡ್‌ಬ್ಯಾಕ್ (ದೇಹದೊಳಗೆ ನಡೆಯುವುದನ್ನು ಅಳೆದು ನಮಗೇ ತೋರಿಸುವ) ಗೇಮ್ ಸೆಟ್ ನನ್ನ ಕೈಗೆ ಬಂದು 14 ತಿಂಗಳಾಯಿತು. ಮೊದಲ ವಾರದಲ್ಲೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಎರಡನೇ ತಿಂಗಳಲ್ಲಿ ಬರೆದಿದ್ದರೆ ಎರಡೇ. ಈಗ ನಾಲ್ಕು ಕೊಡುತ್ತೇನೆ. ಆ ನಾಲ್ಕರಲ್ಲಿ ಮೂರು ಉಸಿರಿನ ಬೆಲ್ಟ್ ಒಂದಕ್ಕೇ ಸೇರಬೇಕು.

ಸೆಟ್‌ನಲ್ಲಿ ಮೂರು ಸೆನ್ಸರ್ ಇವೆ. ಎದೆಯ ಕೆಳಗೆ ಕಟ್ಟುವ ಬೆಲ್ಟ್ ಉಸಿರಿನ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ. ಬೆರಳಿನ ಕ್ಲಿಪ್ ಚರ್ಮದೊಳಗೆ ಬೆಳಕು ಬಿಟ್ಟು, ರಕ್ತ ಅದನ್ನು ಎಷ್ಟು ಹೀರಿತು ಅಂತ ನೋಡಿ ನಾಡಿ ಎಣಿಸುತ್ತದೆ. ಇನ್ನೆರಡು ಬೆರಳಿಗೆ ಸುತ್ತುವ ಪಟ್ಟಿಗಳು ಬೆವರನ್ನು ಅಳೆಯುತ್ತವೆ. ಬಿಸಿಲಿನ ಬೆವರಲ್ಲ, ಮನಸ್ಸು ಚುರುಕಾದಾಗ ಅಂಗೈಯಲ್ಲಿ ಒಸರುವ ಸಣ್ಣ ತೇವ. ನಮಗೆ ಗೊತ್ತೇ ಆಗದಷ್ಟು ಕಡಿಮೆ ಕರೆಂಟ್ ಹಾಯಿಸಿ ಅದನ್ನು ಹಿಡಿಯುತ್ತದೆ.

ನಾನು ಜಾಸ್ತಿ ಆಡಿದ್ದು ಮುಳುಗುಗಾರನ ಗೇಮ್. ಉಸಿರು ಎಳೆದರೆ ಅವನು ಮೇಲೇಳುತ್ತಾನೆ, ಬಿಟ್ಟರೆ ಕೆಳಗಿಳಿಯುತ್ತಾನೆ. ಅಷ್ಟೇ, ಬಟನ್ ಒತ್ತುವ ಮಾತೇ ಇಲ್ಲ. ಮೂರನೇ ಲೆವೆಲ್‌ನಲ್ಲಿ ಎರಡು ಬಂಡೆಗಳ ನಡುವೆ ಒಂದು ಇಕ್ಕಟ್ಟಾದ ಸಂದಿ ಬರುತ್ತದೆ. ಅಲ್ಲಿಗೆ ಬಂದಾಗಲೆಲ್ಲ ಮುಳುಗುಗಾರ ಮೇಲಿನ ಬಂಡೆಗೆ ಅಂಟಿಕೊಂಡು ನಿಂತುಬಿಡುತ್ತಿದ್ದ. ಸೆನ್ಸರ್ ಕೆಟ್ಟಿದೆ ಅಂದುಕೊಂಡು ಬೆಲ್ಟ್ ಬಿಚ್ಚಿ ಮತ್ತೆ ಕಟ್ಟಿದೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಮಗಳು ಕೂಗಿದಳು: "ಅಪ್ಪಾ, ಉಸಿರು ಬಿಡಪ್ಪಾ!"

ನಿಜ, ನಾನು ಉಸಿರು ಬಿಗಿಹಿಡಿದಿದ್ದೆ. ಕಷ್ಟದ ಜಾಗ ಬಂದ ಕೂಡಲೇ ಹಾಗೆ ಹಿಡಿಯುವುದು ನನಗೆ ಎಷ್ಟು ವರ್ಷದ ಅಭ್ಯಾಸವೋ ಏನೋ. ಆಮೇಲೆ ಗಮನಿಸಿದರೆ ಆಫೀಸಿನ ಮೇಲ್ ಬರೆಯುವಾಗಲೂ ಹಾಗೇ ಮಾಡುತ್ತಿದ್ದೆ. ಇದನ್ನು ಮೊದಲು ಯಾರೂ ನನಗೆ ತೋರಿಸಿಕೊಟ್ಟಿರಲಿಲ್ಲ. ಈ ಸೆಟ್‌ನಿಂದ ನನಗೆ ಸಿಕ್ಕಿದ ದೊಡ್ಡ ಲಾಭ ಇದೇ.

ಒಂದು ಎಚ್ಚರಿಕೆ. ಶುರುವಿನಲ್ಲಿ ಗೆಲ್ಲುವ ಆಸೆಗೆ ಜೋರಾಗಿ, ಬೇಗ ಬೇಗ ಉಸಿರಾಡಿ ನನಗೆ ತಲೆ ಸುತ್ತಿತ್ತು. ಹಾಗೆ ಮಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದುಹೋಗುತ್ತದೆ. ನಿಧಾನವಾಗಿ ಆಡಿ. ತಲೆ ಹಗುರಾದಂತೆ ಅನಿಸಿದರೆ ಬೆಲ್ಟ್ ಬಿಚ್ಚಿಡಿ.

ಈಗ ನನ್ನ ಎರಡು ಸ್ಟಾರ್ ಕಾಲದ ಕಥೆ. ಇನ್ನೊಂದು ಗೇಮ್‌ನಲ್ಲಿ ನಾಡಿ ಬಡಿತ ಇಳಿಸಿದರೆ ಬಾಗಿಲು ತೆರೆಯಬೇಕು. ಕೂತೆ. 78 ಇತ್ತು. ಇಳಿ, ಇಳಿ ಅಂದುಕೊಂಡೆ. 80. ಇನ್ನೂ ಮನಸ್ಸಿಟ್ಟೆ. 83. ಪ್ರಯತ್ನಪಟ್ಟಷ್ಟೂ ಏರುತ್ತದೆ. ಬೆವರಿನ ಪಟ್ಟಿಯದ್ದು ಬೇರೆ ತೊಂದರೆ. ಏನಾದರೂ ಆಗಿ ಒಂದರಿಂದ ಮೂರು ಸೆಕೆಂಡ್ ಕಳೆದ ಮೇಲೆ ಅದರ ಗೆರೆ ಏಳುತ್ತದೆ. ಚರ್ಮದ ಬೆವರು ಗ್ರಂಥಿ ಕೆಲಸ ಮಾಡುವ ವೇಗವೇ ಅಷ್ಟು, ಅದು ಯಂತ್ರದ ತಪ್ಪಲ್ಲ. ಆದರೆ ಮೂರು ಸೆಕೆಂಡ್ ತಡವಾಗಿ ಕೇಳುವ ಕಂಟ್ರೋಲರ್ ಇಟ್ಟುಕೊಂಡು ಆಡುವುದು ಹೇಗೆ, ಹೇಳಿ?

ಈ ಬಗ್ಗೆ ಹುಡುಕಿದಾಗ ಲೆನಾರ್ಟ್ ನಾಕೆ, ರೀಗನ್ ಮ್ಯಾಂಡ್ರಿಕ್ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಸಂಶೋಧನೆ ಸಿಕ್ಕಿತು. ಆಟಗಾರರಿಗೆ ನಾನಾ ಸೆನ್ಸರ್ ಕೊಟ್ಟು ಆಡಿಸಿ, ಅವರನ್ನೇ ಕೇಳಿದ್ದರು. ಉಸಿರು, ಸ್ನಾಯು, ಕಣ್ಣಿನ ನೋಟ ಇವೆಲ್ಲ ನಾವು ಬೇಕೆಂದಾಗ ಬದಲಾಯಿಸಬಹುದಾದವು. ನಾಡಿ ಮತ್ತು ಬೆವರು ನಮ್ಮ ಮಾತು ನೇರವಾಗಿ ಕೇಳುವುದಿಲ್ಲ. ಆಟಗಾರರಿಗೆ ಹಿಡಿಸಿದ್ದು ಮೊದಲ ಗುಂಪೇ. ಎರಡನೆಯದು ಆಟದ ಸುತ್ತಲಿನ ವಾತಾವರಣ ಬದಲಿಸಲು ಚೆನ್ನ ಅಂತ ಅವರು ಹೇಳಿದ್ದರು. ಎರಡು ತಿಂಗಳು ಒದ್ದಾಡಿದ ನನಗೆ ಓದಿ ಸಮಾಧಾನವಾಯಿತು.

ಬಾಗಿಲು ಕೊನೆಗೂ ತೆರೆಯಿತು. ನಾಡಿಯನ್ನು ಮರೆತು, ಮುಳುಗುಗಾರನ ಹಾಗೆ ನಿಧಾನವಾಗಿ ಉಸಿರಾಡಿದೆ, ನಿಮಿಷಕ್ಕೆ ಆರರಂತೆ. ಉಸಿರು ಎಳೆದಾಗ ನಾಡಿ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ಎಲ್ಲರ ಎದೆಯಲ್ಲೂ ನಡೆಯುವ ಕೆಲಸವೇ. ಆರರ ಲಯಕ್ಕೆ ಬಂದರೆ ಆ ಏರಿಳಿತ ದೊಡ್ಡದಾಗುತ್ತದೆ. ಸ್ಕ್ರೀನಿನಲ್ಲಿ ನೀಲಿ ಗೆರೆ ಉಸಿರಿನದು, ಕೆಂಪು ಗೆರೆ ನಾಡಿಯದು. ಅಷ್ಟು ಹೊತ್ತು ಚಿಂದಿಚಿಂದಿಯಾಗಿದ್ದ ಕೆಂಪು ಗೆರೆ ನಿಧಾನಕ್ಕೆ ಅಲೆಯಾಗಿ, ನೀಲಿ ಗೆರೆಯ ಜೊತೆ ಏಳುತ್ತಾ ಬೀಳುತ್ತಾ ಹೋಗುವುದನ್ನು ನೋಡಬೇಕು. ನನ್ನ ಎದೆಯೊಳಗಿನದು ಕಣ್ಣ ಮುಂದೆ ನಡೆಯುತ್ತಿದೆ ಅನ್ನುವ ಖುಷಿ ಇವತ್ತಿಗೂ ಹಳೆಯದಾಗಿಲ್ಲ.

ಮೂರನೆಯದು ಕತ್ತಲ ಓಣಿಯ ಗೇಮ್. ನಾಡಿ ಮತ್ತು ಬೆವರು ಏರಿದರೆ ಓಣಿ ಇನ್ನೂ ಕತ್ತಲಾಗಿ, ಹೆಜ್ಜೆ ಸದ್ದು ಹತ್ತಿರವಾಗುತ್ತದೆ. ಅಂದರೆ ವಾತಾವರಣ ಬದಲಿಸುವ ಕೆಲಸ. ಇಲ್ಲಿ ಈ ಎರಡು ಸೆನ್ಸರ್ ಚೆನ್ನಾಗಿ ಹೊಂದುತ್ತವೆ. ಒಮ್ಮೆ ಮಾತ್ರ ಮಗಳು ಬಂದು ಶಾಲೆಯಲ್ಲಿ ನಡೆದದ್ದೇನೋ ಹೇಳಿದಳು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸ್ಕ್ರೀನ್ ನೋಡಿದರೆ ಪೂರ್ತಿ ಕತ್ತಲು, ಹೆಜ್ಜೆ ಸದ್ದು ಕಿವಿಯ ಪಕ್ಕದಲ್ಲೇ! ನಗುವಿಗೂ ನಾಡಿ ಏರುತ್ತದೆ, ಭಯಕ್ಕೂ ಏರುತ್ತದೆ. ದೇಹ ಎಷ್ಟು ಎಚ್ಚೆತ್ತಿದೆ ಅಂತ ಸೆನ್ಸರ್‌ಗೆ ಗೊತ್ತು, ಯಾಕೆ ಅಂತ ಗೊತ್ತಿಲ್ಲ. "ನಿಮ್ಮ ಭಾವನೆಗಳನ್ನು ಓದುತ್ತದೆ" ಅಂತ ಡಬ್ಬದ ಮೇಲೆ ಬರೆದಿರುವುದು ತಪ್ಪು. ಅದನ್ನು ತೆಗೆಯಬೇಕು.

ಬೆರಳಿನ ಕ್ಲಿಪ್ ತುಂಬಾ ತಾಳ್ಮೆ ಕೇಳುತ್ತದೆ. ಕೈ ತಣ್ಣಗಿದ್ದರೆ ಗೆರೆ ಮಲಗಿಬಿಡುತ್ತದೆ. ಬಿಗಿಯಾಗಿ ಸಿಕ್ಕಿಸಿದರೂ ಹಾಗೇ, ರಕ್ತ ಓಡಾಡಲು ಜಾಗ ಬೇಕಲ್ವಾ? ಬೆರಳು ಅಲ್ಲಾಡಿದರೆ ಸುಮ್ನೆ 120 ತೋರಿಸುತ್ತದೆ. ಕೈ ಉಜ್ಜಿ ಬಿಸಿ ಮಾಡಿಕೊಳ್ಳಿ, ಮೌಸ್ ಹಿಡಿಯದ ಕೈಗೆ ಹಾಕಿ, ಆ ಕೈಯನ್ನು ತೊಡೆಯ ಮೇಲಿಟ್ಟು ಬಿಡಿ. ಇದು ಇವತ್ತಿನ ಸಮಸ್ಯೆಯೂ ಅಲ್ಲ. ಗೇಮ್ ಕಂಪನಿ ನಿಂಟೆಂಡೊ 2009ರಲ್ಲಿ ಬೆರಳಿಗೆ ಹಾಕಿ ನಾಡಿ ಅಳೆಯುವ ವೈಟಾಲಿಟಿ ಸೆನ್ಸರ್ ಘೋಷಿಸಿತ್ತು. ಕೆಲವರ ಮೇಲೆ ಅಂದುಕೊಂಡಂತೆ ಕೆಲಸ ಮಾಡದ ಕಾರಣ ಮಾರುಕಟ್ಟೆಗೆ ತರಲೇ ಇಲ್ಲ. ಅಷ್ಟು ದೊಡ್ಡ ಕಂಪನಿಯೇ ಯಾಕೆ ಹಿಂದೆ ಸರಿಯಿತು ಅಂತ ಈ ಕ್ಲಿಪ್ ಬಳಸಿದ ಮೇಲೆ ನನಗೆ ಅರ್ಥವಾಯಿತು.

ಬೆಲ್ಟಿನ ವೆಲ್ಕ್ರೋ ಎಂಟನೇ ತಿಂಗಳಿಗೆ ಹಿಡಿತ ಬಿಟ್ಟಿತು. ಸೆಟ್ ತಯಾರಿಸಿದವರಿಗೆ ಮೂರು ಸಲ ಬರೆದ ಮೇಲೆ ಹೊಸದು ಕಳಿಸಿದರು. ಬ್ಯಾಟರಿ ಬಗ್ಗೆ ದೂರಿಲ್ಲ.

ನನ್ನ ದೊಡ್ಡ ದೂರು ಬೇರೆ. ಮೊದಲು ಪ್ರತಿ ಆಟದ ಉಸಿರು, ನಾಡಿ, ಬೆವರಿನ ಅಂಕಿಗಳನ್ನು ಫೈಲ್ ಆಗಿ ಇಳಿಸಿಕೊಳ್ಳಬಹುದಿತ್ತು. ಹತ್ತನೇ ತಿಂಗಳಲ್ಲಿ ಬಂದ ಅಪ್‌ಡೇಟ್ ಆ ಬಟನ್ ತೆಗೆದುಹಾಕಿತು. ನನ್ನ ಹಳೆಯ ದಾಖಲೆಗಳೆಲ್ಲ ಈಗ ಅವರ ಆ್ಯಪ್‌ನೊಳಗೆ ಮಾತ್ರ ಕಾಣುತ್ತವೆ, ಹೊರಗೆ ತರಲಾಗುವುದಿಲ್ಲ. ಇದು ಆಟದ ಸ್ಕೋರ್ ಅಲ್ಲ. ನನ್ನ ದೇಹ ಯಾವಾಗ ಎಚ್ಚೆತ್ತಿತು, ಯಾವಾಗ ನಿರಾಳವಾಯಿತು ಅನ್ನುವುದರ ಗುರುತು. ನನ್ನ ಮಗಳದ್ದೂ ಅದರಲ್ಲಿದೆ. ಆ ಬಟನ್ ವಾಪಸ್ ಕೊಡಿ ಅಂತ ಎರಡು ಸಲ ಬರೆದಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಐದನೇ ಸ್ಟಾರ್ ಅದಕ್ಕೆಂದೇ ಹಿಡಿದಿಟ್ಟಿದ್ದೇನೆ.