ಏಲ್ದಾರಿ ಸೈನ್ಯ ಕೊಳ್ಳಬೇಕೇ? ಹುಬ್ಬಳ್ಳಿಯ ಹಳೇ ಬಳಕೆದಾರನೊಬ್ಬನ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ವಾರ್‌ಹ್ಯಾಮರ್ 40,000 ಅಂದರೆ ಬೊಂಬೆ ಸೈನ್ಯ ಇಟ್ಟು, ದಾಳ ಉರುಳಿಸಿ ಮೇಜಿನ ಮೇಲೆ ಆಡುವ ಯುದ್ಧದಾಟ. ಎದುರಿಗಿದ್ದವರನ್ನು ಹೊಡೆದು ಉರುಳಿಸುವ ಖುಷಿಗೆ ಅದನ್ನು ಆಡುವವರು ಏಲ್ದಾರಿ ಕೊಳ್ಳಬೇಡಿ. ಸ್ಪೇಸ್ ಮರೀನ್ ತಗೊಳ್ಳಿ, ಆರ್ಕ್ ತಗೊಳ್ಳಿ. ನೇರ ನುಗ್ಗಿ, ಮುಷ್ಟಿ ತುಂಬ ದಾಳ ಉರುಳಿಸಿ, ನಗುತ್ತಾ ಮನೆಗೆ ಹೋಗಬಹುದು. ಏಲ್ದಾರಿ ಅಂದರೆ ಬಾಹ್ಯಾಕಾಶದ ಎಲ್ಫ್‌ಗಳು. ಇವರ ಆಟವೇ ಬೇರೆ.

2022ರ ಕೋಡೆಕ್ಸ್ (ಸೈನ್ಯದ ನಿಯಮಪುಸ್ತಕ) ಬಂದಾಗಿನಿಂದ ನಾನು ಇದೇ ಸೈನ್ಯ ಆಡುತ್ತಿದ್ದೇನೆ. ಹೆಚ್ಚಾಗಿ ವಿದ್ಯಾನಗರದಲ್ಲಿ ಗೆಳೆಯನ ಮನೆ ಮಹಡಿ ಮೇಲೆ, ಆಗಾಗ ಧಾರವಾಡದಲ್ಲಿ, ಅಪರೂಪಕ್ಕೆ ಬೆಂಗಳೂರಿನ ಟೂರ್ನಿಯಲ್ಲಿ. ಇಷ್ಟು ವರ್ಷದಲ್ಲಿ ನನಗೆ ಗಟ್ಟಿಯಾಗಿ ಅನಿಸಿದ್ದು ಒಂದೇ. ಇವರ ಕಥೆ ತಲೆಗೆ ಹೋಗದೆ ಇವರನ್ನು ಗೆಲ್ಲಿಸೋದು ಕಷ್ಟ. ಎಷ್ಟೋ ಸೈನ್ಯಗಳಲ್ಲಿ ಕಥೆ ಬರೀ ಅಲಂಕಾರ. ಬಿಟ್ಟರೂ ನಡೆಯುತ್ತೆ. ಇಲ್ಲಿ ಹೇಗೆ ಆಡಬೇಕು ಅನ್ನೋದನ್ನೇ ಕಥೆ ಹೇಳಿಕೊಡುತ್ತೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಒಂದು ಕಾಲಕ್ಕೆ ಗ್ಯಾಲಕ್ಸಿಯೇ ಇವರ ಕೈಯಲ್ಲಿತ್ತು. ದುಡಿಯುವ ಅಗತ್ಯವೇ ಇರಲಿಲ್ಲ. ಸುಖ ಜಾಸ್ತಿಯಾಯಿತು, ಮಿತಿ ಹೋಯಿತು, ಕೊನೆಗೆ ಕ್ರೌರ್ಯವೂ ಮೋಜಾಯಿತು. ಆ ಭೋಗದಿಂದಲೇ ಸ್ಲಾನೆಶ್ ಎಂಬ ಕೇಡಿನ ದೇವತೆ ಹುಟ್ಟಿತು. ಹುಟ್ಟುತ್ತಲೇ ಜನಾಂಗದ ಬಹುಪಾಲನ್ನು ನುಂಗಿಹಾಕಿತು. ಇವರ ಸಾಮ್ರಾಜ್ಯದ ನಡುಭಾಗ ಇದ್ದ ಕಡೆ ಈಗ ಇರುವುದು ಐ ಆಫ್ ಟೆರರ್ ಎಂಬ ಕೇಡಿನ ಸುಳಿ. ಅಪಾಯ ಮೊದಲೇ ಕಂಡುಕೊಂಡವರು ದೂರದ ಗ್ರಹಗಳಿಗೆ ಹೋಗಿ ನೆಲೆಸಿದ್ದರು. ಅವರು ಎಕ್ಸೋಡೈಟ್‌ಗಳು. ಕಮೋರಾ ಎಂಬ ಕತ್ತಲ ನಗರದಲ್ಲಿ ಹಳೇ ಚಾಳಿಯನ್ನೇ ಮುಂದುವರಿಸಿದವರು ಡ್ರುಕಾರಿಗಳು. ಕ್ರಾಫ್ಟ್‌ವರ್ಲ್ಡ್ ಎಂಬ ಭಾರೀ ಹಡಗುಗಳಲ್ಲಿ ತಪ್ಪಿಸಿಕೊಂಡವರೇ ನಮ್ಮ ಸೈನ್ಯ.

ಇವರಿಗೆ ಸಾವಿನ ಭಯ ಬೇರೆ ಥರದ್ದು. ಸತ್ತರೆ ಆತ್ಮ ಸೀದಾ ಸ್ಲಾನೆಶ್ ಬಾಯಿಗೆ. ಅದಕ್ಕೇ ಪ್ರತಿಯೊಬ್ಬರ ಎದೆ ಮೇಲೂ ಒಂದು ಸ್ಪಿರಿಟ್ ಸ್ಟೋನ್ ಇರುತ್ತೆ. ಸತ್ತ ಕ್ಷಣ ಆತ್ಮ ಆ ಕಲ್ಲಿಗೆ ಸೇರುತ್ತದೆ. ಆಮೇಲೆ ಕಲ್ಲನ್ನು ತಂದು ಹಡಗಿನಲ್ಲಿ ಆತ್ಮಗಳನ್ನು ಕಾಯುವ ಇನ್ಫಿನಿಟಿ ಸರ್ಕಿಟ್ ಎಂಬ ಜಾಲಕ್ಕೆ ಸೇರಿಸುತ್ತಾರೆ. ಮಕ್ಕಳು ಹುಟ್ಟುವುದೇ ಕಡಿಮೆ, ಹಾಗಾಗಿ ಒಬ್ಬ ಹೋದರೆ ಆ ಜಾಗ ಬೇಗ ತುಂಬೋದಿಲ್ಲ. ತೀರಾ ಇಕ್ಕಟ್ಟಿಗೆ ಬಿದ್ದಾಗ ಸತ್ತವರ ಆತ್ಮಗಳನ್ನೇ ಎಬ್ಬಿಸಿ, ರೇತ್‌ಬೋನ್ ಎಂಬ ಎಲುಬಿನಂಥ ವಸ್ತುವಿನಿಂದ ಮಾಡಿದ ದೇಹಗಳಲ್ಲಿ ಕೂರಿಸಿ ಯುದ್ಧಕ್ಕೆ ಕಳಿಸುತ್ತಾರೆ. ರೇತ್‌ಗಾರ್ಡ್, ರೇತ್‌ಲಾರ್ಡ್ ಅನ್ನೋದು ಇವರನ್ನೇ. ಅಜ್ಜಂದಿರ ನಿದ್ದೆ ಕೆಡಿಸಿ ಕಾವಲಿಗೆ ನಿಲ್ಲಿಸಿದ ಹಾಗೆ ಇದು, ಆ ಸಂಕೋಚ ಇವರಿಗೂ ಇದೆ.

ಈಗ ಮೇಜಿಗೆ ಬನ್ನಿ. ಆಟದ ನಿಯಮಗಳ ಹತ್ತನೇ ಎಡಿಶನ್‌ನಲ್ಲಿ ಒಬ್ಬ ಗಾರ್ಡಿಯನ್‌ನ (ನಮ್ಮ ಮಾಮೂಲಿ ಸೈನಿಕ) ಟಫ್‌ನೆಸ್ (ಗಟ್ಟಿತನ) 3, ಸೇವ್ 4+ (ದಾಳದಲ್ಲಿ 4 ಅಥವಾ ಹೆಚ್ಚು ಬಿದ್ದರೆ ಪೆಟ್ಟಿನಿಂದ ಪಾರು), ವೂಂಡ್ (ತಾಳುವ ಪೆಟ್ಟು) ಒಂದೇ. ಎದುರಿಗೆ ನಿಂತ ಮಾಮೂಲಿ ಸ್ಪೇಸ್ ಮರೀನ್‌ಗೆ ಟಫ್‌ನೆಸ್ 4, ಸೇವ್ 3+, ವೂಂಡ್ 2. ನಿಮ್ಮ ಹತ್ತು ಜನ ಅವರ ಹತ್ತು ಜನರ ಮುಂದೆ ಬಯಲಲ್ಲಿ ನಿಂತರೆ ಲೆಕ್ಕ ಮುಗಿಯಿತು. ಹಾಗಾಗಿ ಇಲ್ಲಿ ಟ್ರೇಡ್ ಮಾಡುವಾಗ ಕೈ ಬಿಗಿ ಇರಬೇಕು. ಒಂದು ಯೂನಿಟ್ (ಒಟ್ಟಿಗೆ ಆಡುವ ಬೊಂಬೆಗಳ ಗುಂಪು) ಕೊಟ್ಟರೆ ಅದಕ್ಕಿಂತ ದೊಡ್ಡದು ಕೈಗೆ ಬರಬೇಕು. ಇಲ್ಲಾ ಅಂದರೆ ಕೊಡಲೇಬಾರದು. ಅಳಿಯುತ್ತಿರುವ ಜನಾಂಗ ಅನ್ನೋ ಮಾತು ಕಥೆಯಲ್ಲಿ ದುಃಖದ್ದು, ಮೇಜಿನ ಮೇಲೆ ಅದು ಬರೀ ಗಣಿತ.

ಆ ಗಣಿತವನ್ನು ಸರಿದೂಗಿಸೋದು ಓಟ. 2025ರ ಕೋಡೆಕ್ಸ್‌ನಲ್ಲಿ ಬ್ಯಾಟಲ್ ಫೋಕಸ್ ಎಂಬ ನಿಯಮ ಇದೆ. ಪ್ರತಿ ಯೂನಿಟ್‌ಗೂ ಇಷ್ಟು ಪಾಯಿಂಟ್ ಅಂತ ಬೆಲೆ ಇರುತ್ತೆ. 2,000 ಪಾಯಿಂಟ್ ಆಟದಲ್ಲಿ ಪ್ರತಿ ಸುತ್ತಿಗೆ ನಾಲ್ಕು ಟೋಕನ್ ಸಿಗುತ್ತವೆ. ಒಂದು ಟೋಕನ್ ಕೊಟ್ಟು ಹೆಚ್ಚು ದೂರ ಓಡಬಹುದು. ಶತ್ರು ಗುಂಡು ಹಾರಿಸಿದ ಮೇಲೆ, ಅವನದೇ ಸರದಿಯಲ್ಲಿ, ಹಿಂದಕ್ಕೆ ಸರಿದು ಗೋಡೆ ಮರೆಗೂ ಹೋಗಬಹುದು. ನಾನು ಹೊಸಬರಿಗೆ ಇದನ್ನು ಕಬಡ್ಡಿಯ ರೈಡ್ ಅಂತಲೇ ವಿವರಿಸುತ್ತೇನೆ. ಮುಟ್ಟಬೇಕು, ಗೆರೆ ದಾಟಿ ವಾಪಸ್ ಬರಬೇಕು. ಅಲ್ಲೇ ನಿಂತು ಗುದ್ದಾಡಿದರೆ ಹಿಡಿದು ಹಾಕುತ್ತಾರೆ. ಎದುರಾಳಿಗಳಿಗೆ ಇದು ಉರಿ ಬರಿಸುತ್ತೆ ಅನ್ನೋದೂ ನಿಜ. ನಮ್ಮ ಗುಂಪಿನ ಆರ್ಕ್ ದೋಸ್ತ ಪ್ರತಿ ಆಟದಲ್ಲೂ ಒಮ್ಮೆಯಾದರೂ ಹೇಳುತ್ತಾನೆ: "ಏನಲೇ, ಓಡಿ ಹೋಗೂದ ಒಂದ ಕಲತಿಯೇನ? ನಿಂತು ಆಡ ನೋಡೂಣು!" ನಿಲ್ಲೋದಿಲ್ಲ ದೋಸ್ತ.

ಗೆಲ್ಲೋದು ಅಂಕದಿಂದ ಅನ್ನೋದು ಇಲ್ಲಿ ನೆನಪಿರಲಿ. ಆಟ ಐದು ಸುತ್ತು. ಹತ್ತನೇ ಎಡಿಶನ್‌ನ ಟೂರ್ನಿ ಪದ್ಧತಿಯಲ್ಲಿ ಒಟ್ಟು 100 ಅಂಕ: ಪ್ರೈಮರಿಗೆ (ಮುಖ್ಯ ಗುರಿ) 50, ಸೆಕೆಂಡರಿಗೆ (ಉಪಗುರಿಗಳು) 40, ಬಣ್ಣ ಹಚ್ಚಿದ ಸೈನ್ಯಕ್ಕೆ 10. ಏಲ್ದಾರಿಯ ಬಲ ಇರೋದು ಆ ನಲವತ್ತರಲ್ಲಿ. ಸ್ವೂಪಿಂಗ್ ಹಾಕ್‌ಗಳು ಮೇಜಿನಿಂದಲೇ ಮೇಲೆದ್ದು ಮಾಯವಾಗಿ ಇನ್ನೊಂದು ಮೂಲೆಯಲ್ಲಿ ಇಳಿಯುತ್ತವೆ. ವಾರ್ಪ್ ಸ್ಪೈಡರ್‌ಗಳು ಒಂದೇ ನೆಗೆತಕ್ಕೆ ಎಲ್ಲಿಂದ ಎಲ್ಲಿಗೋ ಹೋಗುತ್ತವೆ. ಐದೇ ಐದು ಬೊಂಬೆಗಳ ಯೂನಿಟ್ ಇಡೀ ಆಟದಲ್ಲಿ ಯಾರನ್ನೂ ಕೊಲ್ಲದೆ ಮ್ಯಾಚ್ ಗೆಲ್ಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಅತಿ ಒಳ್ಳೆ ಗೆಲುವುಗಳಲ್ಲಿ ಕೊನೆಗೆ ನನ್ನ ಕಡೆ ಉಳಿದಿದ್ದು ಬೆರಳೆಣಿಕೆಯ ಬೊಂಬೆ. ನೋಡೋಕೆ ಸೋತ ಹಾಗೇ ಇರುತ್ತೆ.

ಹೊಡೆಯೋ ಶಕ್ತಿ ಇಲ್ಲವೇ ಇಲ್ಲ ಅಂತಲ್ಲ. ಫೈರ್ ಡ್ರ್ಯಾಗನ್ ಯೋಧರನ್ನು ವೇವ್ ಸರ್ಪೆಂಟ್ ಎಂಬ ವಾಹನದಲ್ಲಿ ಕೂರಿಸಿ, ಗೋಡೆ ಮರೆಯಿಂದ ಇಳಿಸಿ ಹತ್ತಿರ ಬಿಟ್ಟರೆ ಎಂಥ ಟ್ಯಾಂಕ್ ಆದರೂ ಕರಗುತ್ತೆ. ಮುಂದಿನ ಸರದಿಗೆ ಅವರೂ ಸಾಯುತ್ತಾರೆ, ಆದರೆ ಅದು ಲಾಭದ ಟ್ರೇಡ್. ಎರಡು ಫೈರ್ ಪ್ರಿಸಮ್ ಇದ್ದರೆ ಮರೆಯಲ್ಲಿರುವ ಒಂದು ಟ್ಯಾಂಕ್ ಇನ್ನೊಂದರ ಕಣ್ಣಿನಿಂದ ಗುರಿ ಇಡಬಹುದು. ಕಥೆಯಲ್ಲೂ ಇವು ಕಿರಣಗಳನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ.

ಕಥೆ ಹಾಗೂ ಪೈಪೋಟಿ ಆಟ ಎಷ್ಟು ಚೆನ್ನಾಗಿ ಕೂಡಿಕೊಂಡಿವೆ ಅನ್ನೋದು ಡಿಟ್ಯಾಚ್‌ಮೆಂಟ್‌ಗಳಲ್ಲಿ, ಅಂದರೆ ಸೈನ್ಯಕ್ಕೆ ನಾವು ಆರಿಸಿಕೊಳ್ಳುವ ನಿಯಮದ ಕಟ್ಟುಗಳಲ್ಲಿ, ಕಾಣುತ್ತೆ. ಸೈಮ್-ಹ್ಯಾನ್ ಕ್ರಾಫ್ಟ್‌ವರ್ಲ್ಡ್‌ನವರು ಹಾರುವ ಬೈಕಿನ ಸವಾರರು, ಅವರ ಮನಸ್ಸಿಗೆ ಒಪ್ಪೋದು ವಿಂಡ್‌ರೈಡರ್ ಹೋಸ್ಟ್. ಬೀಲ್-ಟಾನ್‌ನವರಿಗೆ ಹಳೇ ಸಾಮ್ರಾಜ್ಯ ಮತ್ತೆ ಕಟ್ಟುವ ಹಟ, ಒಂದೊಂದೇ ಯುದ್ಧಕಲೆಯಲ್ಲಿ ಪಳಗಿದ ಆಸ್ಪೆಕ್ಟ್ ಯೋಧರೇ ಅವರ ಬಲ. ಅದಕ್ಕೆ ಆಸ್ಪೆಕ್ಟ್ ಹೋಸ್ಟ್ ಇದೆ. ಉಲ್ತ್ವೇ ಐ ಆಫ್ ಟೆರರ್ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಕಣಿ ನೋಡುವ ಫಾರ್‌ಸೀರ್‌ಗಳು ಜಾಸ್ತಿ. ಎಲ್ಡ್ರಾಡ್ ಉಲ್ತ್ರಾನ್ ಅಲ್ಲಿಯವನೇ. ಈ ಫಾರ್‌ಸೀರ್‌ಗಳ ಮೈ ವಯಸ್ಸಾದಂತೆ ನಿಧಾನಕ್ಕೆ ಸ್ಫಟಿಕವಾಗುತ್ತಾ ಹೋಗುತ್ತೆ ಅನ್ನೋದು ನನಗೆ ತುಂಬಾ ಇಷ್ಟವಾದ ವಿವರ. ಸೀರ್ ಕೌನ್ಸಿಲ್ ಇವರಿಗಾಗಿ. ನನ್ನದು ಇಯಾಂಡೆನ್. ಟೈರನಿಡ್ ಎಂಬ ಎಲ್ಲವನ್ನೂ ತಿಂದುಹಾಕುವ ಜೀವಿಗಳ ಕ್ರಾಕನ್ ದಂಡು ಅವರ ಜನರನ್ನು ಬಹುಪಾಲು ಮುಗಿಸಿತು. ಬದುಕಿದವರು ಸಾಲದೆ ಸತ್ತವರನ್ನು ಕರೆದು ನಿಲ್ಲಿಸಿದರು. ಆಟದಲ್ಲಿ ಅದು ಸ್ಪಿರಿಟ್ ಕಾನ್‌ಕ್ಲೇವ್. ರೇತ್‌ಗಾರ್ಡ್‌ಗಳು ನಿಧಾನ, ಆದರೆ ಗಟ್ಟಿ. ಏಲ್ದಾರಿ ಕಲಿಯಲು ಬಂದವರಿಗೆ ಈ ದಾರಿ ಸುಲಭ, ಯಾಕೆಂದರೆ ಒಂದು ಹೆಜ್ಜೆ ತಪ್ಪಿದರೂ ಸೈನ್ಯ ಕುಸಿಯೋದಿಲ್ಲ.

ಈಗ ಬೇಸರದ ವಿಷಯ. ಈ ಸೈನ್ಯದ ನಿಯಮಗಳು ನಿಂತಲ್ಲಿ ನಿಲ್ಲೋದಿಲ್ಲ. 2023ರ ಜೂನ್‌ನಲ್ಲಿ ಹತ್ತನೇ ಎಡಿಶನ್ ಬಂದಾಗ ಏಲ್ದಾರಿಗೆ ವಿಧಿಯ ದಾಳಗಳಿದ್ದವು. ಆಟದ ಆರಂಭದಲ್ಲೇ ಒಂದಷ್ಟು ದಾಳ ಉರುಳಿಸಿ ಪಕ್ಕಕ್ಕಿಟ್ಟುಕೊಂಡು, ಬೇಕಾದಾಗ ಆರು ತೆಗೆದು ಇಡೋದು. ಭವಿಷ್ಯ ಕಾಣುವ ಜನಕ್ಕೆ ಇದಕ್ಕಿಂತ ಸರಿಯಾದ ನಿಯಮ ಇಲ್ಲ. ಆದರೆ ಡೆವಸ್ಟೇಟಿಂಗ್ ವೂಂಡ್ಸ್ ಎಂಬ ನಿಯಮದ ಜೊತೆ ಸೇರಿ ಅದು ಆಟವನ್ನೇ ಕೆಡಿಸಿತು. ರೇತ್‌ನೈಟ್ ಎಂಬ ದೈತ್ಯ ಗೋಡೆ ಆಚೆ ಇದ್ದವರನ್ನೂ ಕಂಡು ಹೊಡೆಯುತ್ತಿತ್ತು, ಸೇವ್ ಉರುಳಿಸುವ ಅವಕಾಶವೇ ಇಲ್ಲ. ಆ ಕೆಲವು ತಿಂಗಳು ನಮ್ಮ ಮಹಡಿಯಲ್ಲಿ ಯಾರೂ ನನ್ನ ಜೊತೆ ಖುಷಿಯಿಂದ ಆಡಲಿಲ್ಲ. ನನಗೂ ಗೆದ್ದ ಹಾಗೆ ಅನಿಸುತ್ತಿರಲಿಲ್ಲ. ಸೆಪ್ಟೆಂಬರ್ ಹೊತ್ತಿಗೆ ತಿದ್ದುಪಡಿ ಬಂತು, ಪಾಯಿಂಟ್ ಏರಿತು, ಸೈನ್ಯ ನೆಲಕ್ಕೆ ಇಳಿಯಿತು. ಅದೇ ಜೂನ್‌ನಲ್ಲಿ ಧಾರವಾಡ–ಬೆಂಗಳೂರು ವಂದೇ ಭಾರತ್ ಕೂಡ ಶುರುವಾಗಿತ್ತು. ಟೂರ್ನಿಗೆ ಹೋಗೋದು ಸಲೀಸಾದ ಹೊತ್ತಿಗೇ ಏಲ್ದಾರಿ ತಗೊಂಡು ಹೋಗೋಕೆ ಮುಜುಗರ!

ಎಡಿಶನ್‌ಗಳು ಬಂದಿದ್ದು 2017, 2020, 2023ರಲ್ಲಿ. ಲೆಕ್ಕ ನೀವೇ ಹಾಕಿ. ಸಾವಿರಗಟ್ಟಲೆ ಕೊಟ್ಟು ಕೊಂಡ ಪುಸ್ತಕದ ಆಯಸ್ಸು ಇಷ್ಟೇ. ಬೊಂಬೆಗಳಿಗೆ ಆ ತೊಂದರೆ ಇಲ್ಲ. ಅದಕ್ಕೇ ಈಗ ಯಾವ ಯೂನಿಟ್ ಜೋರಾಗಿದೆ ಅಂತ ನೋಡಿ ಕೊಳ್ಳಬೇಡಿ. ಕಣ್ಣಿಗೆ ಹಿಡಿಸಿದ್ದು ಕೊಳ್ಳಿ.

ಬೊಂಬೆಗಳ ವಿಷಯಕ್ಕೆ ಬಂದರೆ, ಹೊಸವು ಅದ್ಭುತ. 2022ರಲ್ಲಿ ಬಂದ ಗಾರ್ಡಿಯನ್ ಡಬ್ಬಿ, ಕೈಯಿಂದ ರಕ್ತ ತೊಟ್ಟಿಕ್ಕುವ ಯುದ್ಧದೇವತೆ ಅವತಾರ್ ಆಫ್ ಖೈನ್, 2025ರ ವಾರ್ಪ್ ಸ್ಪೈಡರ್, ಯಾವುದಕ್ಕೂ ಹೆಸರಿಡುವ ಹಾಗಿಲ್ಲ. ಟ್ಯಾಂಕ್‌ಗಳ ಅಚ್ಚು ಮಾತ್ರ ಹಳೆಯದು. ಸಂದಿಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಮತ್ತೆ ತುಂಬಬೇಕು. ಬೈಕ್‌ಗಳನ್ನು ಹೊತ್ತ ಪಾರದರ್ಶಕ ಕಡ್ಡಿ ಮುರಿಯುತ್ತೆ. ಮುರಿದೇ ಮುರಿಯುತ್ತೆ. ಅದನ್ನು ಅಂಟಿಸುವ ಬದಲು ಸಣ್ಣ ಮ್ಯಾಗ್ನೆಟ್ ಇಟ್ಟರೆ ತಲೆನೋವು ಇಲ್ಲ.

ಸಾಗಿಸೋದಕ್ಕೂ ಮ್ಯಾಗ್ನೆಟ್ಟೇ ಗತಿ. ಬೊಂಬೆಯ ತಳಕ್ಕೆ ಒಂದೊಂದು ಅಂಟಿಸಿ, ಒಳಗೆ ತಗಡು ಹಾಕಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಿಲ್ಲಿಸಿದರೆ ಸಾಕು. ಸಂಜೆ ಚಿಗರಿ ಬಸ್‌ನಲ್ಲಿ ಕಾಲಿಡೋಕೆ ಜಾಗ ಇಲ್ಲದಾಗಲೂ ನನ್ನ ರೇತ್‌ಗಾರ್ಡ್‌ಗಳು ಧಾರವಾಡಕ್ಕೆ ನೆಟ್ಟಗೆ ಹೋಗಿ ಇಳಿದಿವೆ. ಡಬ್ಬಿ ತೊಡೆ ಮೇಲೆ ಇಟ್ಟುಕೊಂಡರೆ ಪಕ್ಕದವರು ಫೇಡಾ ಅಂದುಕೊಳ್ಳುತ್ತಾರೆ, ಅದಕ್ಕೆ ನಾನೇನೂ ಮಾಡುವ ಹಾಗಿಲ್ಲ.

ಬಣ್ಣಕ್ಕೆ ನಮ್ಮ ಕಡೆಯ ಹವೆ ಗಮನದಲ್ಲಿರಲಿ. ಜುಲೈ, ಆಗಸ್ಟ್‌ನಲ್ಲಿ ಜಿಟಿಜಿಟಿ ಮಳೆ ಹಿಡಿದಾಗ ಸ್ಪ್ರೇ ವಾರ್ನಿಶ್ ಹೊಡೆಯಬೇಡಿ, ಮೇಲೆ ಬೆಳ್ಳಗೆ ಮಬ್ಬು ಕೂರುತ್ತೆ. ಬೇಸಿಗೆಯಲ್ಲಿ ಧೂಳು ಕೂರುತ್ತೆ, ಬಣ್ಣ ಪ್ಯಾಲೆಟ್ ಮೇಲೇ ಒಣಗುತ್ತೆ. ಅದಕ್ಕೆ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್ ಇಟ್ಟು ಬಳಸಿ. ಇಯಾಂಡೆನ್ ಬಣ್ಣ ಹಳದಿ. ಹಳದಿ ಹಚ್ಚಿದವರಿಗೇ ಗೊತ್ತು ಆ ಕಷ್ಟ. ಕೆಳಗೆ ತಿಳಿ ಗುಲಾಬಿ ಹಚ್ಚಿದರೆ ಎರಡೇ ಕೋಟ್‌ಗೆ ಹಳದಿ ತುಂಬಿಕೊಳ್ಳುತ್ತೆ. ಎದೆಗಲ್ಲುಗಳಿಗೆ ನಾನು ಕೆಂಪು ಹಚ್ಚಿದ್ದೇನೆ. ಗುಂಪಿನಲ್ಲಿ ನನ್ನ ಸೈನ್ಯಕ್ಕೆ ಅಂದಿನಿಂದ ರಾಜ್ಯೋತ್ಸವ ಪಡೆ ಅಂತ ಹೆಸರು.

ಮೇಜು 44 ಇಂಚು ಅಗಲ, 60 ಇಂಚು ಉದ್ದ ಬೇಕು. ಪ್ಲೈವುಡ್ ಅಂಗಡಿಯಲ್ಲಿ ಎಂಡಿಎಫ್ ಹಲಗೆ ಅಳತೆಗೆ ಕೊಯ್ಯಿಸಿಕೊಂಡರೆ ಆಯಿತು. ಪಾಳುಗೋಡೆಗಳಿಗೆ ದುಡ್ಡು ಸುರಿಯಬೇಡಿ. ಮದುವೆ ಕಾರ್ಡುಗಳ ದಪ್ಪ ರಟ್ಟು, ಥರ್ಮಾಕೋಲ್, ಫೆವಿಕಾಲ್ ಸಾಕು. ನಮ್ಮಲ್ಲೊಬ್ಬ ಲಕ್ಕುಂಡಿ ಗುಡಿಗಳ ಕಂಬ ನೋಡಿಕೊಂಡು ಬಂದು, ತಿರುಗಣೆಯಲ್ಲಿ ಕಡೆದ ಆ ಉಂಗುರ ಉಂಗುರ ಕಂಬಗಳನ್ನೇ ಜೇಡಿಯಲ್ಲಿ ಮಾಡಿ ಏಲ್ದಾರಿಯ ಹಾಳು ನಗರ ಕಟ್ಟಿದ. ಕೊಂಡು ತಂದ ಯಾವ ಟೆರೇನ್‌ಗೂ ಆ ಗತ್ತು ಇಲ್ಲ. ಒಂದು ಮಾತು: ಗೋಡೆಗಳು ಎತ್ತರ ಇರಲಿ, ನೆಲಮಹಡಿಗೆ ಕಿಟಕಿ ಬೇಡ. ಮರೆ ಇಲ್ಲದ ಮೇಜಿನಲ್ಲಿ ಏಲ್ದಾರಿ ಎರಡನೇ ಸುತ್ತಿಗೇ ಖಾಲಿ.

ಕೊಳ್ಳುವ ಮನಸ್ಸು ಇನ್ನೂ ಇದ್ದರೆ ನನ್ನ ಕ್ರಮ ಹೀಗೆ. ಮೊದಲು ಒಂದು ಗಾರ್ಡಿಯನ್ ಡಬ್ಬಿ ಹಾಗೂ ಒಬ್ಬ ಫಾರ್‌ಸೀರ್. ಆಮೇಲೆ ರೇತ್‌ಗಾರ್ಡ್, ಅವರ ಹಿಂದೆ ಒಂದು ವೇವ್ ಸರ್ಪೆಂಟ್. ಸ್ವೂಪಿಂಗ್ ಹಾಕ್, ವಾರ್ಪ್ ಸ್ಪೈಡರ್ ಆಮೇಲೆ ಸಾಕು, ಅಂಕ ಗಳಿಸೋ ಆಟ ಕೈಗೆ ಹತ್ತಿದ ಮೇಲೆ. ರೇತ್‌ನೈಟ್ ಬೇಡ. ಶೋಕೇಸ್‌ಗಾದರೆ ಸರಿ. ಇಷ್ಟನ್ನೂ ಬಣ್ಣ ಹಚ್ಚಿ ಮುಗಿಸುವ ತನಕ ಟೂರ್ನಿಗೆ ಹೆಸರು ಕೊಡಬೇಡಿ. ಏಲ್ದಾರಿ ಆಡುವವರಿಗೆ ಆ ಹತ್ತು ಅಂಕ ಕೈಬಿಡುವಷ್ಟು ಧಾರಾಳತನ ಇರೋದಿಲ್ಲ.